ಜ್ವರದಲ್ಲಿ ಮಾತು ದಿಕ್ಕು ತಪ್ಪಿದರೆ: ಮಿದುಳಿನ ವೈರಸ್ ಸೋಂಕನ್ನು ಗುರುತಿಸುವ, ನಿಭಾಯಿಸುವ ಬಗೆ

ಜ್ವರ ಬಂದವರು ಮಂಕಾಗಿ ಮಲಗುವುದು ಸಹಜ. ಎಬ್ಬಿಸಿದರೆ ಕಣ್ಣು ಬಿಡುತ್ತಾರೆ, ನೀರು ಕೇಳುತ್ತಾರೆ, ಮೈಕೈ ನೋವೆಂದು ಗೊಣಗುತ್ತಾರೆ, ಜ್ವರ ಇಳಿದಾಗ ಎದ್ದು ಕೂರುತ್ತಾರೆ. ಅದೇ ಜ್ವರದಲ್ಲಿ ಮನೆಯವರ ಹೆಸರು ತಪ್ಪಾಗಿ ಕರೆದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಬಚ್ಚಲಿನ ದಾರಿ ಮರೆತು ಮೂಲೆಯಲ್ಲಿ ನಿಂತರೆ, ಯಾವತ್ತೂ ಇಲ್ಲದ ಸಿಟ್ಟು ತೋರಿಸಿದರೆ ಅದು ಜ್ವರದ ಸುಸ್ತಲ್ಲ. ಮಿದುಳಿಗೇ ಪೆಟ್ಟು ಬೀಳುತ್ತಿದೆ ಎಂದು ತಿಳಿದು ಆ ಗಂಟೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. 'ಸನ್ನಿ ಹಿಡಿದಿದೆ, ಜ್ವರ ಬಿಟ್ಟರೆ ಸರಿಹೋಗುತ್ತೆ' ಎಂದು ಬೆಳಗಾಗುವವರೆಗೆ ಕಾಯುವುದೇ ಈ ಕಾಯಿಲೆಯಲ್ಲಿ ಆಗುವ ಅತಿ ದೊಡ್ಡ ತಪ್ಪು.

ಅವಸರಕ್ಕೆ ಕಾರಣವಿದೆ. ಯಾವ ಊರು, ಯಾವ ಕಾಲ ಎಂಬ ಭೇದವಿಲ್ಲದೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಬರುವ ಎನ್ಸೆಫಲೈಟಿಸ್‌ಗೆ, ಅಂದರೆ ಮಿದುಳಿನ ಉರಿಯೂತಕ್ಕೆ, ಅತಿ ಸಾಮಾನ್ಯ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಮೊದಲ ಬಗೆ. ತುಟಿಯ ಅಂಚಿನಲ್ಲಿ ಜ್ವರಗುಳ್ಳೆ ಏಳಿಸುವುದೂ ಇದೇ ವೈರಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ಮೈಯಲ್ಲಿ ಅದು ನೆಲೆಸಿದೆ. ಬಹುಪಾಲು ಜನರಿಗೆ ಅದರಿಂದ ಗುಳ್ಳೆಗಿಂತ ಹೆಚ್ಚಿನ ತೊಂದರೆಯಿಲ್ಲ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಎರಡರಿಂದ ನಾಲ್ಕು ಮಂದಿಗೆ ಮಾತ್ರ ಅದು ಮಿದುಳಿಗೆ ಇಳಿಯುತ್ತದೆ. ಇಳಿದರೆ ಮೊದಲು ಕೈಹಾಕುವುದು ಕಿವಿಯ ನೇರಕ್ಕೆ ಒಳಗಿರುವ ಟೆಂಪೊರಲ್ ಹಾಲೆಗೆ. ನೆನಪು, ಮಾತು, ವಾಸನೆ, ಭಾವನೆ ಎಲ್ಲದಕ್ಕೂ ಆ ಜಾಗ ಬೇಕು. ಅದಕ್ಕೇ ಜ್ವರದ ಜೊತೆ ಮಾತೂ ಸ್ವಭಾವವೂ ಕೆಡುತ್ತವೆ. ಔಷಧ ಕೊಡದೆ ಬಿಟ್ಟರೆ ನೂರರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಈ ವೈರಸ್ ತಡೆಯುವ ಅಸೈಕ್ಲೋವಿರ್ ಔಷಧ ಕೊಟ್ಟರೆ ಆ ಸಂಖ್ಯೆ 30ಕ್ಕಿಂತ ಕೆಳಗೆ ಇಳಿಯುತ್ತದೆ, ಬೇಗ ಕೊಟ್ಟಷ್ಟೂ ಇನ್ನೂ ಇಳಿಯುತ್ತದೆ. ಬದುಕಿದವರ ನೆನಪು ಎಷ್ಟು ಉಳಿಯುತ್ತದೆ ಎನ್ನುವುದೂ ಮೊದಲ ಡೋಸ್ ಎಷ್ಟು ಬೇಗ ರಕ್ತನಾಳಕ್ಕೆ ಇಳಿಯಿತು ಎನ್ನುವುದರ ಮೇಲೇ ನಿಂತಿದೆ.

ಮೂರು ಹೆಸರು, ಮೂರು ಜಾಗ

ಡಾಕ್ಟರ ಬಾಯಲ್ಲಿ ಮೂರು ಪದ ಕೇಳುತ್ತೀರಿ. ಮೆನಿಂಜೈಟಿಸ್ ಎಂದರೆ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿದ ಪೊರೆಯ ಉರಿಯೂತ. ತಲೆನೋವು, ಕತ್ತು ಬಿಗಿತ, ವಾಂತಿ, ಬೆಳಕು ಕಂಡರೆ ಕಣ್ಣು ಮುಚ್ಚುವುದು ಇದರ ಗುರುತು. ರೋಗಿ ನರಳುತ್ತಿದ್ದರೂ ಮಾತು ನೆಟ್ಟಗಿರುತ್ತದೆ. ವೈರಸ್‌ನಿಂದ ಬರುವ ಮೆನಿಂಜೈಟಿಸ್‌ಗೆ ಹೆಚ್ಚಾಗಿ ಕಾರಣ ಎಂಟರೋವೈರಸ್‌ಗಳು. ಬಹುತೇಕರು ಒಂದು ವಾರ, ಹತ್ತು ದಿನದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಎನ್ಸೆಫಲೈಟಿಸ್ ಎಂದರೆ ಮಿದುಳಿನ ತಿರುಳಿಗೇ ಉರಿಯೂತ, ಜನ ಮಿದುಳು ಜ್ವರ ಎನ್ನುವುದು ಇದನ್ನೇ. ಇಲ್ಲಿ ಪ್ರಜ್ಞೆ, ಮಾತು, ನಡವಳಿಕೆ ಕೆಡುತ್ತವೆ, ಫಿಟ್ಸ್ ಬರುತ್ತದೆ. ಮಯಲೈಟಿಸ್ ಎಂದರೆ ಬೆನ್ನುಹುರಿಯ ಉರಿಯೂತ. ಕಾಲು ಸೋಲುತ್ತದೆ, ಸೊಂಟದ ಕೆಳಗೆ ಮರಗಟ್ಟುತ್ತದೆ, ಮೂತ್ರ ಕಟ್ಟಿಕೊಳ್ಳುತ್ತದೆ. ಮೂತ್ರ ಕಟ್ಟಿದ್ದನ್ನು ರೋಗಿ ಸಂಕೋಚದಿಂದ ಹೇಳದೇ ಇರಬಹುದು, ನೀವೇ ಕೇಳಿ. ಎರಡು ಒಟ್ಟಿಗೆ ಬರುವುದೂ ಉಂಟು.

ಮನೆಯಲ್ಲೇ ಮಾಡಬಹುದಾದ ಐದು ನಿಮಿಷದ ಪರೀಕ್ಷೆ

'ಹೇಗಿದ್ದೀಯ' ಎಂದು ಕೇಳಿದರೆ 'ಹ್ಞೂಂ, ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಕು. ಇವತ್ತು ಯಾವ ವಾರ? ಈಗ ಬೆಳಗ್ಗೆಯೋ ಸಂಜೆಯೋ? ನಾವಿರುವುದು ಎಲ್ಲಿ? ಪಕ್ಕದಲ್ಲಿರುವವರು ಯಾರು? ಆಮೇಲೆ ಮೂರು ಪದ ಹೇಳಿ, ಮರ, ಬೀಗ, ಕೆಂಪು ಎಂಬಂಥವು, ತಿರುಗಿ ಹೇಳಿಸಿ. ಐದು ನಿಮಿಷ ಬಿಟ್ಟು ಮತ್ತೆ ಕೇಳಿ. ಹರ್ಪಿಸ್ ಹೊಕ್ಕ ಮಿದುಳು ಮೂರನ್ನೂ ಕಳೆದುಕೊಂಡಿರಬಹುದು, ಕೆಲವರು ಪದ ಹೇಳಿಸಿದ್ದೇ ಇಲ್ಲ ಎನ್ನುತ್ತಾರೆ.

ಇನ್ನು ಕೈಗಡಿಯಾರ ತೋರಿಸಿ, ಇದೇನು ಎಂದು ಕೇಳಿ. ಸರಿ ಹೇಳಿದರೆ ಬೆರಳಿಟ್ಟು ಮುಳ್ಳು, ಪಟ್ಟಿ, ಗಾಜು ಒಂದೊಂದನ್ನೇ ಕೇಳಿ. ಮಾತಿನ ಜಾಗಕ್ಕೆ ಉರಿಯೂತ ತಗುಲಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. 'ಅದೇ… ಟೈಮು ನೋಡೋದು' ಎಂದು ಕೆಲಸ ಹೇಳುತ್ತಾರೆ, ಹೆಸರು ಬರುವುದಿಲ್ಲ. ಪಟ್ಟಿಗೆ ಹಗ್ಗ ಎನ್ನಬಹುದು, ಅಥವಾ ನಿರರ್ಗಳವಾಗಿ ಅರ್ಥವಿಲ್ಲದ ಮಾತು ಸುರಿಯಬಹುದು. ಇದನ್ನು ಕೇಳಿ ಮನೆಯವರಿಗೆ ತಮಾಷೆ ಅನ್ನಿಸಿದ್ದೂ ಉಂಟು. ತಮಾಷೆಯಲ್ಲ, ತುರ್ತು.

ಕೊನೆಗೆ ಮೈ. ಎರಡು ಕೈಯನ್ನೂ ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿ, ಹತ್ತು ಎಣಿಸಿ. ಒಂದು ಕೈ ತಾನಾಗಿ ಕೆಳಗಿಳಿದರೆ ಆ ಬದಿ ಸೋತಿದೆ. ನಗಲು ಹೇಳಿ, ಬಾಯಿ ಒಂದು ಕಡೆ ಎಳೆಯುತ್ತದೆಯೇ ನೋಡಿ. ಗದ್ದ ಎದೆಗೆ ತಾಗಿಸಲು ಹೇಳಿ, ಕತ್ತು ಹಲಗೆಯಂತೆ ಸೆಟೆದಿದ್ದರೆ ಪೊರೆಗೆ ಸೋಂಕಿರಬಹುದು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಪಾರದರ್ಶಕ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ. ಒತ್ತಿದರೂ ಚುಕ್ಕೆ ಮಾಯವಾಗದಿದ್ದರೆ ಬ್ಯಾಕ್ಟೀರಿಯಾದ ಅತಿ ಅಪಾಯದ ಸೋಂಕಿರಬಹುದು, ಆಗ ನಿಮಿಷಗಳ ಲೆಕ್ಕ.

ಎಳೆಗೂಸುಗಳಿಗೆ ಗಾಜಿನ ಲೋಟದ ಪರೀಕ್ಷೆ ಬಿಟ್ಟರೆ ಉಳಿದವು ನಡೆಯುವುದಿಲ್ಲ, ಅವಕ್ಕೆ ಕತ್ತು ಬಿಗಿಯದೆಯೂ ಇರಬಹುದು. ಹಾಲು ಕುಡಿಯುವುದು ಬಿಟ್ಟಿದೆಯೇ, ಎತ್ತಿಕೊಂಡರೆ ಸಮಾಧಾನವಾಗುವ ಬದಲು ಇನ್ನೂ ಕಿರುಚುತ್ತದೆಯೇ, ನೆತ್ತಿಯ ಮೆದು ಭಾಗ ಉಬ್ಬಿದೆಯೇ, ಮೈ ಜೋತುಬಿದ್ದಿದೆಯೇ ಎಂದು ನೋಡಿ. ಹುಟ್ಟಿ ಆರು ವಾರದೊಳಗಿನ ಮಗುವಿಗೆ ಹರ್ಪಿಸ್ ತಗುಲಿದಾಗ ಜ್ವರವೇ ಬರದೆ ಮೈ ತಣ್ಣಗಾಗಿರಬಹುದು. ಕೈ, ಕಾಲು, ಬಾಯಿ ಗುಳ್ಳೆ ಕಾಯಿಲೆ ಬಂದ ಮಗು ನಿದ್ದೆ ಹತ್ತುವಾಗ ಪದೇ ಪದೇ ಬೆಚ್ಚಿಬೀಳತೊಡಗಿದರೆ, ನಡೆವಾಗ ತೂರಾಡಿದರೆ ಎಂಟರೋವೈರಸ್ 71 ಮಿದುಳಿನ ಕಾಂಡಕ್ಕೆ ಇಳಿದಿರುವ ಸೂಚನೆ. ಈ ಬೆಚ್ಚುವಿಕೆಯನ್ನು ಕನಸೆಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಮುದುಕರಿಗೂ ಜ್ವರ ಕಾಣದೆ ಬರೀ ಗೊಂದಲ ಕಾಣಬಹುದು, ಅದನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕಬೇಡಿ. ಮರೆವಿನ ಕಾಯಿಲೆ ವರ್ಷಗಟ್ಟಲೆ ಬೆಳೆಯುತ್ತದೆ, ಎರಡು ದಿನದಲ್ಲಿ ಬರುವುದಿಲ್ಲ.

ಪ್ಯಾರಸಿಟಮಾಲ್ ಕೊಟ್ಟು, ಜ್ವರ ಇಳಿದ ಮೇಲೆ ನೋಡೋಣ ಎನ್ನುವ ಪರೀಕ್ಷೆ ಮಾತ್ರ ಬೇಡ. ಎನ್ಸೆಫಲೈಟಿಸ್‌ನಲ್ಲಿ ನಡುನಡುವೆ ಸರಿಹೋದಂತೆ ಕಾಣುವ ಹೊತ್ತು ಇರುತ್ತದೆ. ಆ ಹೊತ್ತೇ ಮನೆಯವರನ್ನು ಮೋಸಗೊಳಿಸುವುದು.

ಹೊರಡುವಾಗ, ದಾರಿಯಲ್ಲಿ

ರಾತ್ರಿಯಾದರೂ ಹೊರಡಿ. ಸ್ಕ್ಯಾನ್, ಐಸಿಯು, ಬೆನ್ನಿನ ನೀರಿನ (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವದ) ಪರೀಕ್ಷೆ ಮೂರೂ ಇರುವ ಆಸ್ಪತ್ರೆ ತಲುಪುವಷ್ಟು ಹತ್ತಿರವಿದ್ದರೆ ನೇರ ಅಲ್ಲಿಗೇ. ದೂರವಿದ್ದರೆ ಹತ್ತಿರದಲ್ಲಿ ಮೊದಲು ಸಕ್ಕರೆ ಪ್ರಮಾಣ ನೋಡಿಸಿ, ಫಿಟ್ಸ್ ಇದ್ದರೆ ನಿಲ್ಲಿಸಿಕೊಂಡು ಮುಂದೆ ಹೋಗಿ.

ತೂಗಡಿಸುವವರ ಬಾಯಿಗೆ ನೀರು, ಮಾತ್ರೆ, ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರವಿದ್ದು ನುಂಗಬಲ್ಲವರಿಗೆ ಪ್ಯಾರಸಿಟಮಾಲ್ ಕೊಡಬಹುದು. ಮಕ್ಕಳಿಗೆ ತೂಕದ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ಕಿಲೋಗೆ 60 ಮಿಲಿಗ್ರಾಂ ಮೀರದಂತೆ. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೂಡದು. ವೈರಸ್ ಜ್ವರದಲ್ಲಿ ಅದು ಲಿವರನ್ನೂ ಮಿದುಳನ್ನೂ ಒಟ್ಟಿಗೆ ಹಾಳುಮಾಡುವ ರೇ ಸಿಂಡ್ರೋಮ್‌ಗೆ ದಾರಿಮಾಡಿಕೊಡುತ್ತದೆ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಹೋಗುವಂತೆ ಬಾಯಿ ಕೆಳಮುಖವಾಗಿರಲಿ, ತಲೆಯಡಿ ಮೆತ್ತನೆಯದು ಇಡಿ. ಬಾಯಿಗೆ ಚಮಚ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ, ಅಥವಾ ಒಂದು ಮುಗಿದು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದರೆ ಔಷಧವಿಲ್ಲದೆ ನಿಲ್ಲುವುದು ಕಷ್ಟ. ಆಂಬುಲೆನ್ಸ್‌ನಲ್ಲಿ ಮಿಡಜೋಲಾಮ್ ಇದ್ದರೆ ಸಿಬ್ಬಂದಿ ಅಲ್ಲೇ ಕೊಡಬಹುದು. ಎಲ್ಲ ಫಿಟ್ಸ್‌ನಲ್ಲೂ ಮೈ ಅದುರುವುದಿಲ್ಲ ಎನ್ನುವುದನ್ನೂ ನೆನಪಿಡಿ. ದಿಟ್ಟಿಸುತ್ತಾ ತುಟಿ ಚಪ್ಪರಿಸುವುದು, ಬಟ್ಟೆ ಹಿಚುಕುವುದು, ಇಲ್ಲದ ವಾಸನೆ ಬರುತ್ತಿದೆ ಎನ್ನುವುದು ಟೆಂಪೊರಲ್ ಹಾಲೆಯಿಂದ ಏಳುವ ಫಿಟ್ಸ್. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಹಿಡಿದರೆ ಡಾಕ್ಟರಿಗೆ ಹತ್ತು ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ದಾರಿಯಲ್ಲೇ ಒಂದು ಚೀಟಿ ಬರೆದುಕೊಳ್ಳಿ. ಜ್ವರ ಶುರುವಾದ ದಿನ, ಮಾತು ಅಥವಾ ನಡವಳಿಕೆ ಕೆಟ್ಟದ್ದು ಮೊದಲು ಕಂಡ ಹೊತ್ತು, ಕೊನೆಯದಾಗಿ ಪೂರ್ತಿ ಸರಿಯಾಗಿದ್ದ ಹೊತ್ತು, ಫಿಟ್ಸ್ ಎಷ್ಟು ಸಲ ಬಂತು, ಎಷ್ಟು ನಿಮಿಷ ಇತ್ತು. ಈಚೆಗೆ ನಾಯಿ, ಬೆಕ್ಕು, ಬಾವಲಿ ಕಚ್ಚಿದ್ದು ಅಥವಾ ಪರಚಿದ್ದು, ಪ್ರಯಾಣ, ಸೀತಾಳೆ ಸಿಡುಬು, ಸರ್ಪಸುತ್ತು, ದಡಾರ, ಮಂಗನಬಾವು, ಹಾಕಿಸಿದ ಲಸಿಕೆಗಳು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ, ರಕ್ತ ತೆಳುಮಾಡುವ ಮಾತ್ರೆ, ಕಿಡ್ನಿ ತೊಂದರೆ, ತೂಕ. ರಕ್ತ ತೆಳುಮಾಡುವ ಮಾತ್ರೆಯ ವಿಷಯ ಬೆನ್ನಿನ ನೀರು ತೆಗೆಯುವ ಮುಂಚೆ ಗೊತ್ತಿರಲೇಬೇಕು. ಕಿಡ್ನಿ ಮತ್ತು ತೂಕ ಅಸೈಕ್ಲೋವಿರ್ ಲೆಕ್ಕಕ್ಕೆ ಬೇಕು.

ಆಸ್ಪತ್ರೆಯ ಮೊದಲ ಗಂಟೆ

ಎಷ್ಟೇ ಗಡಿಬಿಡಿಯಿದ್ದರೂ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡುವುದು ಮೊದಲು. ಸಕ್ಕರೆ ಕುಸಿದವರು ಥೇಟ್ ಎನ್ಸೆಫಲೈಟಿಸ್ ರೋಗಿಯಂತೆಯೇ ಕಾಣುತ್ತಾರೆ, ಗ್ಲೂಕೋಸ್ ಏರಿಸಿದರೆ ನಿಮಿಷಗಳಲ್ಲಿ ಎದ್ದು ಕೂರುತ್ತಾರೆ. ಮಿದುಳಿಗೇರಿದ ಮಲೇರಿಯಾ, ಕ್ಷಯದ ಮೆನಿಂಜೈಟಿಸ್, ಸೋಡಿಯಂ ಕುಸಿತ, ಕುಡಿತ ಹಠಾತ್ತನೆ ಬಿಟ್ಟಾಗಿನ ಸನ್ನಿ, ಬಿಸಿಲಿನ ಹೊಡೆತ, ಇವೂ ಇದೇ ವೇಷದಲ್ಲಿ ಬರುತ್ತವೆ. ಅದಕ್ಕೇ ರಕ್ತ ಒಟ್ಟಿಗೇ ಹಲವು ಪರೀಕ್ಷೆಗೆ ಹೋಗುತ್ತದೆ.

ಬ್ಯಾಕ್ಟೀರಿಯಾವೋ ವೈರಸೋ ಎಂದು ಮೊದಲ ಗಂಟೆಯಲ್ಲಿ ನೋಡಿ ಹೇಳಲಾಗದು. ಹಾಗಾಗಿ ಎರಡಕ್ಕೂ ಒಟ್ಟಿಗೆ ಔಷಧ ಶುರುಮಾಡುವುದು ಸರಿಯಾದ ಕ್ರಮ: ಬ್ಯಾಕ್ಟೀರಿಯಾಕ್ಕೆ ಸೆಫ್ಟ್ರಿಯಾಕ್ಸೋನ್, ದೊಡ್ಡವರಿಗೆ 2 ಗ್ರಾಂ 12 ಗಂಟೆಗೊಮ್ಮೆ, ವೈರಸ್‌ಗೆ ಅಸೈಕ್ಲೋವಿರ್. ಬೆನ್ನಿನ ನೀರಿನ ವರದಿ ಬರಲಿ, ಎಂಆರ್‌ಐ ಆಗಲಿ ಎಂದು ಮೊದಲ ಡೋಸ್ ತಡೆಹಿಡಿಯುವಂತಿಲ್ಲ. ಪರೀಕ್ಷೆಯಲ್ಲಿ ಬೇರೇನೋ ಸಿಕ್ಕರೆ ಎರಡು ದಿನದಲ್ಲಿ ಅಸೈಕ್ಲೋವಿರ್ ನಿಲ್ಲಿಸಿದರಾಯಿತು, ಬೇಡವಾಗಿದ್ದ ನಾಲ್ಕು ಡೋಸ್‌ನಿಂದ ಆಗುವ ನಷ್ಟ ಅಲ್ಪ. ಬೇಕಿದ್ದ ನಾಲ್ಕು ಡೋಸ್ ತಪ್ಪಿದರೆ ಆಗುವ ನಷ್ಟ ಜೀವಮಾನದ್ದು. 'ಅಸೈಕ್ಲೋವಿರ್ ಶುರುವಾಯಿತಾ ಡಾಕ್ಟ್ರೇ?' ಎಂದು ಮನೆಯವರು ಕೇಳುವುದರಲ್ಲಿ ತಪ್ಪೇನಿಲ್ಲ.

ಬೆನ್ನಿನ ನೀರು ತೆಗೆಯುವುದು

ಮನೆಯವರು ಸಹಿ ಹಾಕಲು ಹಿಂಜರಿಯುವುದು ಇಲ್ಲೇ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟಕ್ಕೇ ಮುಗಿದುಹೋಗುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ, ಮೂರು ಮತ್ತು ನಾಲ್ಕನೆಯ ಅಥವಾ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವೆ. ಅಲ್ಲಿ ಹುರಿ ಇಲ್ಲ, ನೀರಿನಲ್ಲಿ ತೇಲುವ ನರದ ಎಳೆಗಳಷ್ಟೇ ಇವೆ, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ತೆಗೆಯುವ ನೀರು ಸುಮಾರು 10 ಮಿಲಿಲೀಟರ್. ದೊಡ್ಡವರ ಮೈಯಲ್ಲಿ ಒಟ್ಟು 150 ಮಿಲಿಲೀಟರ್‌ನಷ್ಟು ಇರುತ್ತದೆ, ಗಂಟೆಗೆ ಸುಮಾರು 20 ಮಿಲಿಲೀಟರ್ ಹೊಸದಾಗಿ ಊರುತ್ತದೆ. ತೆಗೆದದ್ದು ಒಂದು ಗಂಟೆಯೊಳಗೆ ತುಂಬಿಕೊಳ್ಳುತ್ತದೆ.

ಯಾರಿಗೆ ಮೊದಲು ಸಿಟಿ ಸ್ಕ್ಯಾನ್ ಬೇಕು ಎನ್ನುವುದು ಮುಖ್ಯ. ಪ್ರಜ್ಞೆ ಬಹಳ ಇಳಿದವರು, ಒಂದು ಬದಿ ಸೋತವರು, ಹೊಸದಾಗಿ ಫಿಟ್ಸ್ ಬಂದವರು, ಕಣ್ಣಿನ ಹಿಂಭಾಗದ ನರ ಉಬ್ಬಿದವರು, ರೋಗನಿರೋಧಕ ಶಕ್ತಿ ಕುಂದಿದವರು. ತಲೆಯೊಳಗೆ ಒತ್ತಡ ಒಂದು ಕಡೆಯಿಂದ ನೂಕುತ್ತಿರುವಾಗ ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಾರಿ ಉಸಿರಾಟದ ಕೇಂದ್ರ ಅದುಮಿಹೋಗಬಹುದು. ಇನ್ನು ಪ್ಲೇಟ್‌ಲೆಟ್ 40,000–50,000ಕ್ಕಿಂತ ಕಡಿಮೆಯಿದ್ದರೆ, ಸೂಜಿ ಚುಚ್ಚುವ ಜಾಗದ ಚರ್ಮದಲ್ಲೇ ಕೀವಿದ್ದರೆ ಕಾಯಬೇಕು. ಹೀಗೆ ನೀರು ತೆಗೆಯುವುದು ಮುಂದಕ್ಕೆ ಹೋದರೂ ಔಷಧ ಮುಂದಕ್ಕೆ ಹೋಗಬಾರದು.

ಅರ್ಧ ಕೆಲಸ ಆಗುವುದು ಭಂಗಿಯಲ್ಲಿ. ರೋಗಿಯನ್ನು ಮಂಚದ ಅಂಚಿಗೆ ಎಳೆದು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ, ಗದ್ದ ಎದೆಗೆ ತರಿಸಬೇಕು. ಮೇಲಿನ ಭುಜ ಮುಂದಕ್ಕೆ ವಾಲಿದರೆ ಬೆನ್ನುಮೂಳೆ ತಿರುಚಿಕೊಂಡು ಸೂಜಿ ಮೂಳೆಗೆ ಹೊಡೆಯುತ್ತದೆ. ಆದ್ದರಿಂದ ಮೊಣಕಾಲುಗಳ ನಡುವೆ ದಿಂಬಿಟ್ಟು, ಎರಡು ಭುಜವೂ ಎರಡು ಸೊಂಟವೂ ಒಂದರ ಮೇಲೊಂದು ನೇರ ನಿಲ್ಲಿಸಿ. ಸೊಂಟದ ಎರಡು ಬದಿಯ ಮೂಳೆಯ ಏಣುಗಳನ್ನು ಸೇರಿಸುವ ಗೆರೆ ನಾಲ್ಕನೆಯ ಮೂಳೆಯ ಹತ್ತಿರ ಹಾಯುತ್ತದೆ, ಜಾಗ ಹುಡುಕುವುದು ಅದರಿಂದ. ಮೊನೆ ಮೊಂಡಾದ, ಪೆನ್ಸಿಲ್ ತುದಿಯಂಥ 22 ಗೇಜ್ ಸೂಜಿ ಬಳಸಿದರೆ ಆಮೇಲಿನ ತಲೆನೋವು ಕಡಿಮೆ.

ಪೊರೆ ದಾಟಿದಾಗ ಸಣ್ಣದೊಂದು 'ಟಪ್' ಬೆರಳಿಗೆ ತಿಳಿಯುತ್ತದೆ. ಒಳಗಿನ ಕಡ್ಡಿ ಎಳೆದರೆ ಸೂಜಿಯ ಹಿಂಬದಿಯಲ್ಲಿ ಒಂದು ಹನಿ ಮೂಡಿ, ತುಂಬಿ, ಬೀಳುತ್ತದೆ. ವೈರಸ್ ಸೋಂಕಿನಲ್ಲಿ ಅದು ಶುದ್ಧ ನೀರಿನಂತೆಯೇ ಇರುತ್ತದೆ, ಮೊಸರುಗಟ್ಟಿದಂತೆ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ. ಮೊದಲು ಕೊಳವೆ ಜೋಡಿಸಿ ಒತ್ತಡ ಅಳೆಯಬೇಕು, ಕಾಲುಗಳನ್ನು ಸ್ವಲ್ಪ ಸಡಿಲ ಬಿಡಿಸಿದ ಮೇಲೆ. ಹೊಟ್ಟೆ ಅದುಮಿಕೊಂಡಿದ್ದರೆ ಅಳತೆ ಸುಳ್ಳಾಗಿ ಏರುತ್ತದೆ. ಆಮೇಲೆ ನಾಲ್ಕು ಬಾಟಲಿಗೆ ಹನಿ ಹನಿಯಾಗಿ ಬೀಳಿಸಿಕೊಳ್ಳಬೇಕು, ಸಿರಿಂಜಿನಿಂದ ಎಳೆಯಬಾರದು. ಬಾಟಲಿಗೆ ಹೆಸರು ಮಾತ್ರವಲ್ಲ, ಅನುಕ್ರಮ ಸಂಖ್ಯೆಯನ್ನೂ ಬರೆಯಿರಿ. ಸೂಜಿ ರಕ್ತನಾಳಕ್ಕೆ ತಾಗಿದ್ದರೆ ಮೊದಲ ಬಾಟಲಿ ಕೆಂಪಾಗಿ ನಾಲ್ಕನೆಯದು ತಿಳಿಯಾಗುತ್ತದೆ. ನಾಲ್ಕೂ ಒಂದೇ ಸಮ ಕೆಂಪಗಿದ್ದರೆ ರಕ್ತ ಒಳಗಿನದೇ. ಹರ್ಪಿಸ್‌ನಲ್ಲಿ ಹಾಗಾಗಬಹುದು.

ಕೆಡುವುದು ಹೆಚ್ಚಾಗಿ ಚುಚ್ಚುವಾಗಲ್ಲ, ಸಾಗಿಸುವಾಗ. ಜೀವಕೋಶಗಳು ಬಾಟಲಿಯಲ್ಲೇ ಒಡೆದುಹೋಗುತ್ತವೆ, ಆದ್ದರಿಂದ ಎಣಿಕೆ ಒಂದು ಗಂಟೆಯೊಳಗೆ ಆಗಬೇಕು. ವೈರಸ್‌ನ ವಂಶವಾಹಿ ಹುಡುಕುವ ಪಿಸಿಆರ್ ಪರೀಕ್ಷೆಗೆ ಹೋಗುವ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಹುದು, ಬ್ಯಾಕ್ಟೀರಿಯಾ ಬೆಳೆಸಲು ಹೋಗುವುದನ್ನು ಫ್ರಿಜ್ಜಿಗೆ ಇಟ್ಟರೆ ಕ್ರಿಮಿ ಸತ್ತು ವರದಿ ಸುಳ್ಳಾಗುತ್ತದೆ. ಅದೇ ಹೊತ್ತಿನ ರಕ್ತದ ಸಕ್ಕರೆಯೂ ಬರೆದಿರಬೇಕು, ಇಲ್ಲದಿದ್ದರೆ ಬೆನ್ನಿನ ನೀರಿನ ಸಕ್ಕರೆಗೆ ಅರ್ಥವಿಲ್ಲ.

ವರದಿ ಕೈಗೆ ಬಂದಾಗ

ಆರೋಗ್ಯವಂತ ದೊಡ್ಡವರ ಬೆನ್ನಿನ ನೀರಿನಲ್ಲಿ ಬಿಳಿರಕ್ತಕಣ ಮೈಕ್ರೋಲೀಟರಿಗೆ ಐದಕ್ಕಿಂತ ಹೆಚ್ಚಿರುವುದಿಲ್ಲ. ವೈರಸ್ ಸೋಂಕಿನಲ್ಲಿ ಹತ್ತಾರರಿಂದ ಕೆಲವು ನೂರರವರೆಗೆ ಏರುತ್ತದೆ, ಬಹುಪಾಲು ಲಿಂಫೋಸೈಟ್ ಎಂಬ ಬಗೆಯವು. ಪ್ರೋಟೀನ್ ಸ್ವಲ್ಪ ಜಾಸ್ತಿ, ಸಕ್ಕರೆ ಮಾಮೂಲು, ಅಂದರೆ ರಕ್ತದ ಸಕ್ಕರೆಯ ಸುಮಾರು ಮೂರನೇ ಎರಡು ಭಾಗ. ಸಕ್ಕರೆ ರಕ್ತದ ಅರ್ಧಕ್ಕಿಂತ ಕೆಳಗಿಳಿದಿದ್ದರೆ ವೈರಸ್ ಎಂದು ನಿರಾಳವಾಗಬೇಡಿ. ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿರಕ್ತಕಣ ಹೆಚ್ಚಿದ್ದರೆ ಬ್ಯಾಕ್ಟೀರಿಯಾ, ಲಿಂಫೋಸೈಟ್ ಹೆಚ್ಚಿದ್ದು ಪ್ರೋಟೀನ್ ಬಹಳ ಏರಿದ್ದರೆ ಕ್ಷಯ. ಆದರೆ ವೈರಸ್ ಸೋಂಕಿನ ಮೊದಲ ದಿನ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದು. ಕಣಗಳೇ ಏರದೆಯೂ ಇರಬಹುದು.

ಹರ್ಪಿಸ್ ಪತ್ತೆಗೆ ಪಿಸಿಆರ್ ಬಹಳ ನಂಬಿಕೆಯ ಪರೀಕ್ಷೆ. ಅದಕ್ಕೂ ಒಂದು ಕುರುಡು ಕಿಂಡಿ ಇದೆ. ಕಾಯಿಲೆಯ ಮೊದಲ ಮೂರು ದಿನದೊಳಗೆ ತೆಗೆದ ನೀರಿನಲ್ಲಿ ನೆಗೆಟಿವ್ ಬರಬಹುದು. ರೋಗಿಯ ಮಾತೂ ಸ್ಕ್ಯಾನೂ ಹರ್ಪಿಸ್ ಎನ್ನುತ್ತಿದ್ದರೆ ಒಂದು ನೆಗೆಟಿವ್ ಕಾಗದ ನೋಡಿ ಅಸೈಕ್ಲೋವಿರ್ ನಿಲ್ಲಿಸಬಾರದು, ಮೂರರಿಂದ ಏಳು ದಿನದೊಳಗೆ ಮತ್ತೊಮ್ಮೆ ನೀರು ಕಳಿಸಬೇಕು. ಸಿಟಿ ಸ್ಕ್ಯಾನ್ ಮೊದಲ ದಿನಗಳಲ್ಲಿ ಸರಿಯಾಗಿಯೇ ಕಾಣುತ್ತದೆ. ಎಂಆರ್‌ಐ ಬೇಗ ತೋರಿಸುತ್ತದೆ. ಹರ್ಪಿಸ್ ಟೆಂಪೊರಲ್ ಹಾಲೆಯಲ್ಲಿ ಬೆಳ್ಳಗೆ ಕಂಡರೆ, ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಮಿದುಳಿನ ಆಳದ ಥಾಲಮಸ್‌ನಲ್ಲಿ ಕಾಣುತ್ತದೆ.

ಅಸೈಕ್ಲೋವಿರ್: ಹನಿಸುವುದರಲ್ಲೇ ಇದೆ

ದೊಡ್ಡವರಿಗೆ ಕಿಲೋಗೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ, ರಕ್ತನಾಳದ ಮೂಲಕ, 14ರಿಂದ 21 ದಿನ. ನವಜಾತ ಶಿಶುವಿಗೆ ಕಿಲೋಗೆ 20 ಮಿಲಿಗ್ರಾಂ, 21 ದಿನ. ಜ್ವರ ಬಿಟ್ಟು ರೋಗಿ ನಗತೊಡಗಿದ ಮಾತ್ರಕ್ಕೆ ಐದನೇ ದಿನ ಮಾತ್ರೆಗೆ ಬದಲಾಯಿಸಿ ಮನೆಗೆ ಕಳಿಸುವುದು ತಪ್ಪು. ಬಾಯಿಂದ ನುಂಗಿದ ಅಸೈಕ್ಲೋವಿರ್‌ನಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ 15ರಿಂದ 30 ಪಾಲು ಮಾತ್ರ, ಮಿದುಳಿಗೆ ಸಾಲುವುದಿಲ್ಲ. ಕೋರ್ಸ್ ಮುಗಿಯುವಾಗ ಬೆನ್ನಿನ ನೀರು ಮತ್ತೆ ನೋಡಿ, ವೈರಸ್ ಇನ್ನೂ ಇದ್ದರೆ ಇನ್ನೊಂದು ವಾರ ಮುಂದುವರಿಸುತ್ತಾರೆ.

60 ಕಿಲೋ ತೂಕದವರಿಗೆ ಒಂದು ಡೋಸ್ 600 ಮಿಲಿಗ್ರಾಂ. ಪುಡಿಯನ್ನು ಕರಗಿಸಿ ಕನಿಷ್ಠ 120 ಮಿಲಿಲೀಟರ್ ಸಲೈನ್‌ಗೆ ಸೇರಿಸಿದರೆ ಮಿಲಿಲೀಟರಿಗೆ 5 ಮಿಲಿಗ್ರಾಂ ಆಗುತ್ತದೆ, ಅದಕ್ಕಿಂತ ಗಟ್ಟಿ ಮಾಡಬಾರದು. ಬೆರೆಸಿದ್ದನ್ನು ಫ್ರಿಜ್ಜಿನಲ್ಲಿ ಇಟ್ಟರೆ ಹರಳುಗಟ್ಟುತ್ತದೆ. ಹನಿಸಲು ಪೂರ್ತಿ ಒಂದು ಗಂಟೆ ಬೇಕು. ಅವಸರದಲ್ಲಿ ಹತ್ತು ನಿಮಿಷಕ್ಕೆ ತಳ್ಳಿದರೆ ಔಷಧ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗಿ ಕೂತು ಮೂತ್ರ ನಿಲ್ಲುತ್ತದೆ. ಇದು ತಪ್ಪಿಸಬಹುದಾದ ಅನಾಹುತ. ಡ್ರಿಪ್‌ನಿಂದ ನೀರಿನಂಶ ಸಾಕಷ್ಟು ಹೋಗುತ್ತಿರಲಿ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಒಂದೆರಡು ದಿನಕ್ಕೊಮ್ಮೆ ನೋಡುತ್ತಿರಲಿ, ಡೈಕ್ಲೋಫಿನಾಕ್‌ನಂಥ ನೋವಿನ ಇಂಜೆಕ್ಷನ್ ಬೇಡ. ದೊಡ್ಡವರಲ್ಲಿ ಮೂತ್ರ ಗಂಟೆಗೆ ಕಿಲೋಗೆ ಅರ್ಧ ಮಿಲಿಲೀಟರ್‌ಗಿಂತ ಕೆಳಗಿಳಿದರೆ ತಕ್ಷಣ ತಿಳಿಸಿ. ಕಿಡ್ನಿ ಕುಂದಿದ್ದರೆ ಡೋಸ್‌ಗಳ ನಡುವಿನ ಅಂತರವನ್ನು 12 ಅಥವಾ 24 ಗಂಟೆಗೆ ಹಿಗ್ಗಿಸುತ್ತಾರೆ.

ಔಷಧ ಸಾಬೂನಿಗಿಂತ ಕ್ಷಾರ, ಪಿಎಚ್ 11ರ ಹತ್ತಿರ. ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಡುತ್ತದೆ. ಸೂಜಿಯ ಜಾಗ ಕೆಂಪಾಗಿ ಉಬ್ಬಿದ್ದರೂ ಪ್ರಜ್ಞೆಯಿಲ್ಲದವರು ನೋವು ಹೇಳಲಾರರು, ನೀವೇ ದಿನಕ್ಕೆ ಮೂರು ಸಲ, ಡೋಸ್ ಶುರುವಾಗುವ ಮೊದಲು, ಮುಟ್ಟಿ ನೋಡಿ. ಇನ್ನೊಂದು ಸೂಕ್ಷ್ಮ: ಕಿಡ್ನಿ ಕುಂದಿ ಔಷಧ ಮೈಯಲ್ಲಿ ಸೇರಿಕೊಂಡರೆ ಅದೇ ಗೊಂದಲ, ನಡುಕ, ಭ್ರಮೆ ತರುತ್ತದೆ. ಚೇತರಿಸಿಕೊಳ್ಳುತ್ತಿದ್ದವರು ಆರೇಳನೇ ದಿನ ಮತ್ತೆ ಅಡ್ಡಾದಿಡ್ಡಿ ಮಾತಾಡಿದರೆ ಕಾಯಿಲೆ ಮರಳಿತು ಎನ್ನುವ ಮೊದಲು ಕ್ರಿಯಾಟಿನಿನ್ ನೋಡಬೇಕು.

ಈ ಔಷಧವನ್ನು ರೂಪಿಸಿದ ತಂಡದ ನೇತೃತ್ವ ವಹಿಸಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ವೈರಸ್ ಹೊಕ್ಕ ಜೀವಕೋಶದಲ್ಲಷ್ಟೇ ಚುರುಕಾಗುವ ಔಷಧ ಅದು. ಹಾಗೆಂದು ಎಲ್ಲ ವೈರಸ್‌ಗೂ ನಡೆಯುವುದಿಲ್ಲ. ಹರ್ಪಿಸ್‌ಗೆ, ಸೀತಾಳೆ ಸಿಡುಬು ಮತ್ತು ಸರ್ಪಸುತ್ತಿನ ವೈರಸ್‌ಗೆ ಮಾತ್ರ ಚೆನ್ನಾಗಿ ತಾಗುತ್ತದೆ. ಜಪಾನೀಸ್ ಎನ್ಸೆಫಲೈಟಿಸ್, ವೆಸ್ಟ್ ನೈಲ್, ಎಂಟರೋವೈರಸ್‌ಗಳಿಗೆ ಇಂಥ ನೇರ ಔಷಧವಿಲ್ಲ. ಅಲ್ಲಿ ಜೀವ ಉಳಿಸುವುದು ಆರೈಕೆ. ತಲೆಭಾಗ 30 ಡಿಗ್ರಿ ಎತ್ತರಿಸಿ ಕತ್ತು ನೇರ ಇಡುವುದು, ಫಿಟ್ಸ್ ತಡೆಯುವುದು, ಸೋಡಿಯಂ ಕುಸಿಯದಂತೆ ಮಾಮೂಲಿ ಸಲೈನ್‌ನಂಥ ದ್ರಾವಣವನ್ನೇ ಕೊಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪನದಲ್ಲಿ 15ರಿಂದ ಎಂಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವರಿಗೆ ಉಸಿರಿನ ದಾರಿ ಕಾಯಲು ಗಂಟಲಿಗೆ ಟ್ಯೂಬ್ ಬೇಕಾಗುತ್ತದೆ.

ಜೊತೆಯಲ್ಲಿದ್ದವರಿಗೆ

ಹರ್ಪಿಸ್ ಎನ್ಸೆಫಲೈಟಿಸ್ ರೋಗಿಯ ಹತ್ತಿರ ಕೂತರೆ ಯಾರಿಗೂ ಎನ್ಸೆಫಲೈಟಿಸ್ ಅಂಟುವುದಿಲ್ಲ, ದೂರ ನಿಲ್ಲಬೇಡಿ, ಕೈ ಹಿಡಿದು ಮಾತಾಡಿಸಿ. ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಕೂಡ ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಅದಕ್ಕೆ ಲಸಿಕೆಯಿದೆ. ಎಂಟರೋವೈರಸ್ ಮಾತ್ರ ಮಲದಿಂದ, ಜೊಲ್ಲಿನಿಂದ ದಾಟುತ್ತದೆ. ಮಗುವಿನ ಡೈಪರ್ ಬದಲಿಸಿದ ಮೇಲೆ ಸ್ಯಾನಿಟೈಸರ್ ಸಾಲದು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲದ್ದರಿಂದ ಆಲ್ಕೋಹಾಲ್ ಅದನ್ನು ಚೆನ್ನಾಗಿ ಕೊಲ್ಲುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮಲದಲ್ಲಿ ವೈರಸ್ ವಾರಗಟ್ಟಲೆ ಹೋಗುತ್ತಿರುತ್ತದೆ.

ರೇಬಿಸ್ ಬೇರೆಯೇ ಮಾತು. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ, ಮುಂಚೆಯಾದರೆ ಪೂರ್ತಿ ತಡೆಯಬಹುದು. ಕಚ್ಚಿದ ಗಾಯವನ್ನು ತಕ್ಷಣ ಸೋಪಿನಿಂದ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಖಾರದ ಪುಡಿ, ಸುಣ್ಣ, ಎಣ್ಣೆ ಹಚ್ಚಬೇಡಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಆ್ಯಂಟಿಬಾಡಿ) ಕೂಡ ಬೇಕು, ಮನುಷ್ಯ ಮೂಲದ್ದಾದರೆ ಕಿಲೋಗೆ 20 ಯೂನಿಟ್, ಕುದುರೆ ಮೂಲದ್ದಾದರೆ 40. ಅದನ್ನು ಗಾಯದ ಒಳಗೂ ಸುತ್ತಲೂ ತುಂಬಬೇಕು. ಸ್ನಾಯುವಿಗೆ ಕೊಡುವ ಐದು ಡೋಸ್ ಕ್ರಮದಲ್ಲಿ ದಿನಗಳು 0, 3, 7, 14, 28. ತೋಳಿಗೆ ಹಾಕಬೇಕು, ಪುಟ್ಟ ಮಗುವಿಗೆ ತೊಡೆಗೆ. ಕುಂಡೆಗೆ ಹಾಕಿದರೆ ಕೊಬ್ಬಿನಲ್ಲಿ ನಿಂತು ಸರಿಯಾಗಿ ಹಿಡಿಯುವುದಿಲ್ಲ. ಮುಖಕ್ಕೆ, ಕತ್ತಿಗೆ ಕಚ್ಚಿದ್ದರೆ ಮಿದುಳಿಗೆ ನರದ ದಾರಿ ಗಿಡ್ಡ, ಒಂದು ದಿನವೂ ಕಾಯುವಂತಿಲ್ಲ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ದಿನ ಕಾಯಿಲೆ ಮುಗಿಯಿತು ಎಂದುಕೊಂಡರೆ ಮನೆಯಲ್ಲಿ ಜಗಳ ಶುರುವಾಗುತ್ತದೆ. ಹಳೆಯದೆಲ್ಲ ನೆನಪಿರುತ್ತದೆ, ಬೆಳಗಿನದು ಇರುವುದಿಲ್ಲ. ನೋಡಲು ಗಟ್ಟಿಮುಟ್ಟಾಗಿರುವವರು ಎರಡು ಗಂಟೆ ಎಚ್ಚರವಿದ್ದರೆ ಸುಸ್ತಾಗುತ್ತಾರೆ, ಸಣ್ಣ ಮಾತಿಗೆ ರೇಗುತ್ತಾರೆ. ಇದು ಸೋಮಾರಿತನವಲ್ಲ, ಹಟವಲ್ಲ. ಒಂದೇ ನೋಟ್‌ಬುಕ್ ಇಡಿ, ಆ ದಿನದ ಕೆಲಸ, ನುಂಗಿದ ಮಾತ್ರೆ, ಬಂದುಹೋದವರು ಎಲ್ಲ ಅದರಲ್ಲೇ ಇರಲಿ. ಮರೆತದ್ದನ್ನು ಪರೀಕ್ಷೆ ಮಾಡುವಂತೆ ಕೇಳಬೇಡಿ, ನೋಟ್‌ಬುಕ್ ತೆರೆದು ಜೊತೆಗೆ ಓದಿ. ಹೇಳುವಾಗ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ವಾಸನೆ ತಿಳಿಯದವರು ಒಬ್ಬರೇ ಗ್ಯಾಸ್ ಹಚ್ಚಬಾರದು. ಫಿಟ್ಸ್ ಮಾತ್ರೆಯನ್ನು 'ಈಗ ಬರ್ತಿಲ್ಲವಲ್ಲ' ಎಂದು ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ವಾಹನ ಓಡಿಸುವುದು, ಈಜುವುದು, ಎತ್ತರ ಹತ್ತುವುದು ಡಾಕ್ಟರು ಒಪ್ಪಿದ ಮೇಲೆ. ಮಾತಿನ ಚಿಕಿತ್ಸೆ, ನೆನಪಿನ ತರಬೇತಿ ಆಸ್ಪತ್ರೆಯಲ್ಲೇ ಶುರುವಾದರೆ ಒಳ್ಳೆಯದು. ಸುಧಾರಣೆ ಮೊದಲ ತಿಂಗಳುಗಳಲ್ಲಿ ಹೆಚ್ಚು, ಆದರೆ ವರ್ಷ ದಾಟಿದ ಮೇಲೂ ನಿಧಾನವಾಗಿ ನಡೆಯುತ್ತಿರುತ್ತದೆ.

ಮೊದಲ ಮೂರು ತಿಂಗಳು ಇನ್ನೊಂದಕ್ಕೆ ಕಣ್ಣಿಟ್ಟಿರಬೇಕು. ಹರ್ಪಿಸ್ ಎನ್ಸೆಫಲೈಟಿಸ್‌ನಿಂದ ಎದ್ದವರಲ್ಲಿ ಸುಮಾರು ಕಾಲು ಭಾಗದವರಿಗೆ ದೇಹದ ರಕ್ಷಣಾಪಡೆಯೇ ತಿರುಗಿಬಿದ್ದು ಮಿದುಳಿನ ಮೇಲೆ ದಾಳಿ ಮಾಡುವ ಎರಡನೇ ಎನ್ಸೆಫಲೈಟಿಸ್ ಬರುತ್ತದೆ. ಪುಟ್ಟ ಮಕ್ಕಳಲ್ಲಿ ಬಾಯಿ, ಕೈಕಾಲು ತಾವಾಗಿ ತಿರುಚುತ್ತಾ ಆಡತೊಡಗುತ್ತವೆ. ದೊಡ್ಡವರು ನಿದ್ದೆಗೆಟ್ಟು, ಅನುಮಾನಪಟ್ಟು, ಇಲ್ಲದ ದನಿ ಕೇಳಿಸಿಕೊಳ್ಳುತ್ತಾರೆ. ಮನೋರೋಗವೆಂದು ಬೇರೆ ವೈದ್ಯರ ಬಳಿ ಹೋಗಿ ವಾರಗಳು ಕಳೆಯುವುದು ಇಲ್ಲೇ. ಹಳೆಯ ಡಿಸ್ಚಾರ್ಜ್ ಕಾಗದದೊಂದಿಗೆ ಅದೇ ನರರೋಗ ತಜ್ಞರ ಬಳಿ ಹಿಂದಿರುಗಿ, ಬೆನ್ನಿನ ನೀರನ್ನು ಮತ್ತೆ ತೆಗೆಸಿ, ಹರ್ಪಿಸ್ ಪಿಸಿಆರ್ ಜೊತೆ ಮಿದುಳಿನ ಜೀವಕೋಶಗಳ ಮೇಲಿರುವ ಎನ್‌ಎಂಡಿಎ ರಿಸೆಪ್ಟರ್ ವಿರುದ್ಧದ ಆ್ಯಂಟಿಬಾಡಿ ಪರೀಕ್ಷೆಯನ್ನೂ ಕೇಳಿ. ಪಿಸಿಆರ್ ನೆಗೆಟಿವ್ ಆಗಿ ಆ್ಯಂಟಿಬಾಡಿ ಸಿಕ್ಕರೆ ಚಿಕಿತ್ಸೆ ಅಸೈಕ್ಲೋವಿರ್ ಅಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೆರಾಯ್ಡ್, ಇಮ್ಯುನೋಗ್ಲೋಬ್ಯುಲಿನ್‌ನಂಥವು.